ಅಪ್‌ಡೇಟ್: ಡಿಬಿಎಸ್ ಆಪರೇಷನ್‌ಗೆ ಕಾಯುವಾಗ ಕಾಲು ಅಂಟಿಕೊಳ್ಳುವ ತೊಂದರೆ

ನನಗೆ ಪಾರ್ಕಿನ್ಸನ್ಸ್ ಜಾಸ್ತಿಯಾಗುತ್ತಿದೆ, ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ, ಮಧ್ಯಾಹ್ನದ ಮಾತ್ರೆ ಹಿಡಿಯುವುದೇ ಇಲ್ಲ, ಡಿಬಿಎಸ್ ಆಪರೇಷನ್ (ಮಿದುಳಿನೊಳಗೆ ಸಣ್ಣ ತಂತಿ ಇಟ್ಟು ವಿದ್ಯುತ್ ಸಂಕೇತ ಕೊಡುವುದು) ಆಗುವವರೆಗೆ ಏನು ಮಾಡಲಿ ಅಂತ ಕೇಳಿದ್ದೆ. ದಿನಾಂಕ ಇನ್ನೂ ಸಿಕ್ಕಿಲ್ಲ. ಆದರೆ ಓಡಾಟ ಎಷ್ಟೋ ಸುಧಾರಿಸಿದೆ.

ನೆಲಕ್ಕೆ ಟೇಪ್ ಅಂಟಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹೊಸ್ತಿಲ ಮುಂದೆ ಬಿಳಿ ಟೇಪಿನ ಅಡ್ಡಪಟ್ಟಿಗಳನ್ನು ಹಾಕಿದೆವು. ಪಟ್ಟಿ ದಾಟಬೇಕು ಅಂದುಕೊಂಡ ತಕ್ಷಣ ಹಿಮ್ಮಡಿ ಏಳುತ್ತದೆ! ಮನಸ್ಸಿನಲ್ಲೇ ತಾಳ ಎಣಿಸುವುದು ಮಾತ್ರ ನನಗೆ ಆಗಿಬರಲಿಲ್ಲ. ಕೈ ಹಿಡಿದು ಎಳೆಯುವುದಂತೂ ಬೇಡವೇ ಬೇಡ, ಮುಗ್ಗರಿಸುವಂತಾಗುತ್ತದೆ.

ಮಾತ್ರೆಯ ವಿಷಯದಲ್ಲೂ ನೀವು ಹೇಳಿದ್ದೇ ಸರಿ. ಊಟದಲ್ಲಿನ ಪ್ರೋಟೀನ್ ಮತ್ತು ನನ್ನ ಮಾತ್ರೆಯಲ್ಲಿರುವ ಲೆವೊಡೋಪಾ ಔಷಧಿ ಎರಡೂ ಕರುಳಿನಲ್ಲಿ ಒಂದೇ ದಾರಿಗೆ ಪೈಪೋಟಿ ಮಾಡುತ್ತವಂತೆ. ಡಾಕ್ಟರನ್ನು ಕೇಳಿ, ಊಟಕ್ಕೆ 30 ನಿಮಿಷ ಮೊದಲೇ ತಗೊಳ್ತಿದ್ದೇನೆ. ಮಧ್ಯಾಹ್ನ ಈಗ ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಯಾರೂ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಅದು ತುಂಬಾ ಅಪಾಯ.

ನನಗೆ ಗೊತ್ತೇ ಇರದ ಸಂಗತಿ ಇನ್ನೊಂದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಓಡಾಟಕ್ಕೆ ಮಿದುಳಿಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆದು ಈ ಕಾಯಿಲೆಯನ್ನು ಹೆಚ್ಚಿಸಬಹುದು. ಬೇರೆ ಯಾವುದಕ್ಕೇ ಔಷಧಿ ಬರೆಸಿಕೊಂಡರೂ ಪಾರ್ಕಿನ್ಸನ್ಸ್ ಇದೆ ಅಂತ ಮೊದಲೇ ಹೇಳಿಬಿಡಿ.

ಆಪರೇಷನ್ ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ನಡುಕ, ಬಿಗಿತಗಳನ್ನು ತಗ್ಗಿಸುತ್ತದೆ ಅಷ್ಟೇ ಅಂತ ಡಾಕ್ಟರು ಬಿಡಿಸಿ ಹೇಳಿದರು. ಅಷ್ಟಾದರೂ ನನಗೆ ಬೇಕು. ಆದ ಮೇಲೆ ಮತ್ತೆ ಬರೆಯುತ್ತೇನೆ.