ಸಹಾಯ ಬೇಕು: ಹಳೆ ಪಿಎಸ್4ಗೆ ಎಸ್‌ಎಸ್‌ಡಿ ಹಾಕಿದರೆ ಸ್ಪೀಡ್‌ರನ್‌ಗೆ ಎಷ್ಟು ಲಾಭ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಹತ್ತಿರದವನು. ಮಳೆಗಾಲದಲ್ಲಿ ಕಾಫಿ ತೋಟದ ಕೆಲಸ ಕಮ್ಮಿ, ಆಗೆಲ್ಲ ಸ್ಪೀಡ್‌ರನ್ (ವಿಡಿಯೊ ಗೇಮ್ ಒಂದನ್ನು ಆದಷ್ಟು ಕಡಿಮೆ ಸಮಯದಲ್ಲಿ ಮುಗಿಸುವುದು) ಅಭ್ಯಾಸ ಮಾಡುತ್ತೇನೆ. ನನ್ನ ಹತ್ತಿರ ಇರುವುದು 2013ರ ಮೊದಲ ಮಾದರಿಯ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್). ಒಳಗಿನ ಹಾರ್ಡ್ ಡಿಸ್ಕ್ ಕೂಡ ಅದೇ ಹಳೆಯದು. ಅದರ ಬದಲು ಹೆಚ್ಚು ವೇಗದ ಎಸ್‌ಎಸ್‌ಡಿ ಹಾಕುವ ಯೋಚನೆ.

ಮೈಸೂರಿನಲ್ಲಿರುವ ಭಾವ ಅದೇ ಆಟವನ್ನು ಪಿಎಸ್5ರಲ್ಲಿ ಆಡುತ್ತಾರೆ. ಮೊನ್ನೆ ಇಬ್ಬರ ವಿಡಿಯೊ ಪಕ್ಕಪಕ್ಕ ಇಟ್ಟು ನೋಡಿದೆವು. ಆಟದಲ್ಲಿ ನಾನೇ ಮುಂದೆ ಇದ್ದೆ. ಆದರೆ ಹಂತ ಬದಲಾದಾಗಲೆಲ್ಲ ನನ್ನದು ಲೋಡ್ ಆಗುತ್ತಾ ನಿಲ್ಲುತ್ತದೆ, ಕೊನೆಗೆ ನಾಲ್ಕು ನಿಮಿಷ ಹಿಂದೆ ಬಿದ್ದೆ. ತುಂಬ ಬೇಜಾರಾಯಿತು. ಕೈಚಳಕಕ್ಕೆ ಬೆಲೆ ಸಿಗಬೇಕು, ಅಲ್ವಾ?

ಡಿಸ್ಕ್ ನಾವೇ ಬದಲಿಸಬಹುದು, 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಸಂಪರ್ಕದ ಬಗೆ) ಎಸ್‌ಎಸ್‌ಡಿ ಸಾಕು ಅಂತ ಗೊತ್ತು. ಆದರೆ ಈ ಮಾದರಿಯಲ್ಲಿ ಇರುವುದು ನಿಧಾನದ ಸಾಟಾ 2, ಪಿಎಸ್4 ಪ್ರೊದಲ್ಲಿ ಅದಕ್ಕಿಂತ ವೇಗದ ಸಾಟಾ 3. ಅದಕ್ಕಿಂತ ಮುಖ್ಯವಾಗಿ, ಕುಗ್ಗಿಸಿಟ್ಟ ಡೇಟಾ ಬಿಚ್ಚುವ ಕೆಲಸ ಪಿಎಸ್4ರಲ್ಲಿ ಅಷ್ಟು ವೇಗವಾಗಿ ಆಗುವುದಿಲ್ಲ. ಪಿಎಸ್5ರಲ್ಲಿ ಅದಕ್ಕೇ ತುಂಬ ವೇಗದ ಬೇರೆ ಹಾರ್ಡ್‌ವೇರ್ ಇದೆ. ಹಾಗಾಗಿ ಸುಮ್ನೆ ದುಡ್ಡು ಹಾಕಲು ಹಿಂಜರಿಕೆ.

ಇದೇ ಮಾದರಿಗೆ ಎಸ್‌ಎಸ್‌ಡಿ ಹಾಕಿದವರು ಇದ್ದೀರಾ? ಮೊದಲು ಎಷ್ಟು ಸೆಕೆಂಡ್ ಇತ್ತು, ಆಮೇಲೆ ಎಷ್ಟಾಯಿತು? ಇನ್ನೊಂದು ವಿಷಯ. ಕೆಲವು ಆಟಗಳಲ್ಲಿ ಲೋಡಿಂಗ್ ಕಳೆದು ಸಮಯ ಲೆಕ್ಕ ಹಾಕುತ್ತಾರೆ. ವಿಡಿಯೊದ ಫ್ರೇಮ್ ಎಣಿಸಿ ಅದನ್ನು ಮಾಡುವುದು ಹೇಗೆಂದು ಯಾರಾದರೂ ಹಂತಹಂತವಾಗಿ ತಿಳಿಸಿದರೆ ದೊಡ್ಡ ಉಪಕಾರ. ಇಲ್ಲಿ ಗಾಳಿಮಳೆಗೆ ಕರೆಂಟ್ ಹೋಗುತ್ತಿರುತ್ತದೆ, ನನ್ನ ಉತ್ತರ ತಡವಾದರೆ ಬೇಸರ ಮಾಡಬೇಡಿ.