ಅಕ್ಕಾ, ಮೊದಲ ಎರಡು ಮ್ಯಾಚ್‌ಗೇ ಹಾಕಿ ಸ್ಟಿಕ್ ಅಟ್ಟಕ್ಕೆ ಹಾಕಬೇಡಿ

ಅಕ್ಕಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೋಲಾರ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿದ್ದೆ, ಉತ್ತರ ಕೊಡೋಕೆ ಆಗಲಿಲ್ಲ. ಈಗ ಹೇಳುತ್ತೇನೆ, ಉದ್ದವಾದರೆ ಬೈಯಬೇಡ. ಭಾವನಿಗೂ ಕೇಳಿಸು.

ನಿನ್ನ ಮಗ ಪುಟ್ಟನ ಹಾಕಿ ಟೀಮ್ ಲೀಗಿನ ಮೊದಲ ಎರಡೂ ಮ್ಯಾಚ್ ಸೋತಿದೆ, ಎರಡನೆಯದರಲ್ಲಿ ಅವನಿಗೆ ಎರಡು ನಿಮಿಷ ಹೊರಗೆ ಕೂರಿಸುವ ಗ್ರೀನ್ ಕಾರ್ಡ್ ಬಿತ್ತು, ಅವನು ಹೊರಗೆ ಕೂತಾಗಲೇ ಗೋಲಾಯಿತು, ಹುಡುಗರೆಲ್ಲ ಅವನ ತಲೆಗೇ ಕಟ್ಟಿದರು, ಈಗ ಹಾಕಿ ಬೇಡ ಅಂತ ಮುಖ ಊದಿಸಿಕೊಂಡಿದ್ದಾನೆ, ಭಾವ ‘ಒಳ್ಳೇದೇ ಆಯಿತು, ಟ್ಯೂಷನ್‌ಗೆ ಹೋಗಲಿ’ ಅಂದಿದ್ದಾರೆ. ಇಷ್ಟೇ ತಾನೇ?

ರಾತ್ರಿ ಅವನಿಗೆ ಫೋನ್ ಮಾಡಿ ಆ ಗೋಲು ಹೇಗಾಯಿತು ಅಂತ ಕೇಳಿದೆ. ಪೆನಾಲ್ಟಿ ಕಾರ್ನರ್‌ನಲ್ಲಿ ಆಯಿತಂತೆ, ಅಂದರೆ ಗೋಲಿನ ಹತ್ತಿರ ನಮ್ಮವರು ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ಹೊಡೆತ. ಅಕ್ಕಾ, ಪೆನಾಲ್ಟಿ ಕಾರ್ನರ್ ತಡೆಯೋಕೆ ಗೋಲ್‌ಕೀಪರ್ ಸೇರಿ ಐದೇ ಜನ ಗೋಲ್ ಲೈನ್ ಹಿಂದೆ ನಿಲ್ಲುತ್ತಾರೆ. ಎದುರಾಳಿ ಚೆಂಡನ್ನು ತನ್ನವರಿಗೆ ತಳ್ಳಿದ ತಕ್ಷಣ ಈ ಐದು ಜನರಲ್ಲಿ ಒಬ್ಬ ಮಾಸ್ಕ್ ಹಾಕಿಕೊಂಡು ಹೊಡೆಯುವವನ ಎದುರಿಗೇ ಓಡಬೇಕು. 160 ಗ್ರಾಂ ತೂಗುವ ಗಟ್ಟಿ ಚೆಂಡು, ಅದರ ಎದುರಿಗೆ ಓಡೋದು ಅಂದರೆ ಧೈರ್ಯ ಬೇಕು. ನಮ್ಮ ಪುಟ್ಟ ಮಾಡೋದು ಅದೇ ಕೆಲಸ. ಅವನು ಎರಡು ನಿಮಿಷ ಹೊರಗಿದ್ದಾಗ ಬೇರೆ ಹುಡುಗ ಓಡಿದ, ಆ ಹುಡುಗ ಪ್ರಾಕ್ಟೀಸ್‌ನಲ್ಲಿ ಒಂದು ಸಲವೂ ಅದನ್ನು ಮಾಡಿರಲಿಲ್ಲವಂತೆ! ಕಾರ್ಡ್ ತಗೊಂಡಿದ್ದು ಪುಟ್ಟನ ತಪ್ಪು, ಒಪ್ಪುತ್ತೇನೆ. ಆದರೆ ಒಬ್ಬನನ್ನೇ ನಂಬಿಕೊಂಡು ಟೀಮ್ ಕಟ್ಟಿದ್ದು ಅವನ ತಪ್ಪಾ? ಸೀಸನ್ ಶುರುವಿನಲ್ಲಿ ಎಲ್ಲ ಕಡೆ ಹೀಗೇ. ಟೈಮಿಲ್ಲ ಅಂತ ಹನ್ನೊಂದು ಜನರನ್ನು ಮಾತ್ರ ತಿದ್ದುತ್ತಾರೆ, ಬೆಂಚಿನಲ್ಲಿ ಕೂತವರು ನೀರು ಕೊಡೋಕೆ ಅನ್ನೋ ಹಾಗೆ.

ಬೆಂಚ್ ಅಂದಾಗ ನೆನಪಾಯಿತು. ಮೊದಲ ಮ್ಯಾಚ್‌ನಲ್ಲಿ ಪುಟ್ಟನನ್ನು ನಾಲ್ಕು ಸಲ ಹೊರಗೆ ಕರೆದರು ಅಂತ ಭಾವ ಬೇಜಾರು ಮಾಡಿಕೊಂಡಿದ್ದರಲ್ಲ, ಭಾವ, ಅದು ಅವಮಾನ ಅಲ್ಲ. ಕ್ರಿಕೆಟ್ ನೋಡಿ ನೋಡಿ ನಮಗೆ ಹಾಗನ್ನಿಸುತ್ತೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹೊರಗೆ ಬಂದವನು ದಮ್ಮು ತಗೊಂಡು ಮತ್ತೆ ಒಳಗೆ ಹೋಗುತ್ತಾನೆ. ದೊಡ್ಡ ದೊಡ್ಡ ಆಟಗಾರರನ್ನೂ ಹಾಗೇ ಕರೆಯುತ್ತಾರೆ.

ಇನ್ನೊಂದು ವಿಷಯ, ಇದು ನನಗೆ ಜಾಸ್ತಿ ಚಿಂತೆ. ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯುತ್ತೆ ಅಂದ ಪುಟ್ಟ. ನಿನಗೆ ಹೇಳಿಲ್ಲವಂತೆ, ಹೇಳಿದರೆ ಆಟ ಬಿಡಿಸುತ್ತೀರಿ ಅಂತ. ನೋಡು, ಏಪ್ರಿಲ್ ಮೇ ಪೂರ್ತಿ ಮಾವಿನಹಣ್ಣು ತಿಂದುಕೊಂಡು ಮೊಬೈಲ್ ನೋಡಿದ್ದಾನೆ, ಜೂನ್ ಬಂದ ತಕ್ಷಣ ದಿನಾ ಎರಡು ಗಂಟೆ ಓಡಿಸಿದರೆ ಮೂಳೆ ಏನು ಮಾಡುತ್ತೆ? ಅದರ ಮೇಲೆ ಪ್ರಾಕ್ಟೀಸ್ ಮಣ್ಣಿನ ಮೈದಾನದಲ್ಲಿ, ಮ್ಯಾಚ್ ಬೆಂಗಳೂರಿನ ಟರ್ಫ್ ಮೇಲೆ, ಅಂದರೆ ಕೃತಕ ಹುಲ್ಲಿನ ಮೇಲೆ. ಟರ್ಫ್‌ಗೆ ನೀರು ಹಾಕಿರುತ್ತಾರೆ, ಚೆಂಡು ಜಾರಿಕೊಂಡು ಬರುತ್ತೆ, ಬಗ್ಗಿ ಬಗ್ಗಿ ಆಡಬೇಕು. ಬೇಸಿಗೆಯಲ್ಲಿ ಅವನು ಉದ್ದವಾಗಿದ್ದಾನೆ, ಸ್ಟಿಕ್ ಮಾತ್ರ ಹೋದ ವರ್ಷದ್ದೇ. ಬೆನ್ನು ನೋಯದೆ ಇರುತ್ತಾ? ಕಾಲಿನ ಆ ಮೂಳೆ ಮೇಲೆ ಬೆರಳಲ್ಲಿ ಒತ್ತಿ ನೋಡು. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವಿದ್ದರೆ ಎಣ್ಣೆ ತಿಕ್ಕಿ ಸುಮ್ನೆ ಕೂರಬೇಡ, ಮೂಳೆ ಡಾಕ್ಟರಿಗೆ ತೋರಿಸು. ಸಣ್ಣ ಬಿರುಕು ಬಿಟ್ಟಿದ್ದರೂ ಹಾಗೇ ನೋಯುತ್ತೆ.

ಇನ್ನು ಟೈಮ್. ಭಾನುವಾರ ಕತ್ತಲಲ್ಲೇ ಎದ್ದು ಬಂಗಾರಪೇಟೆಯಿಂದ ಟ್ರೈನ್, ಮ್ಯಾಚ್, ರಾತ್ರಿ ವಾಪಸ್, ಸೋಮವಾರ ಬೆಳಿಗ್ಗೆ ಕ್ಲಾಸ್ ಟೆಸ್ಟ್. ದೊಡ್ಡವರಿಗೇ ಆಗಲ್ಲ. ಟ್ಯೂಷನ್ ಬೇಕಾದರೆ ಮಂಗಳವಾರ ಗುರುವಾರ ಇಟ್ಟುಕೊಳ್ಳಿ, ಸೋಮವಾರ ಬಿಟ್ಟುಬಿಡಿ.

ಸೋತಿದ್ದರ ಬಗ್ಗೆ ಅವನಿಗೆ ಒಂದು ಕಥೆ ಹೇಳಿದೆ. 2021ರ ಜೂನಿಯರ್ ವಿಶ್ವಕಪ್, ಭುವನೇಶ್ವರದಲ್ಲಿ. ಹಿಂದಿನ ಸಲ 2016ರಲ್ಲಿ ಲಕ್ನೋದಲ್ಲಿ ಕಪ್ ಗೆದ್ದಿದ್ದು ನಾವೇ. 2021ರಲ್ಲಿ ನಮ್ಮ ಭಾರತದ ಹುಡುಗರು ಮೊದಲ ಮ್ಯಾಚೇ ಫ್ರಾನ್ಸ್ ಮೇಲೆ 5-4ರಿಂದ ಸೋತರು, ಅದೂ ನಮ್ಮ ನೆಲದಲ್ಲಿ! ಮಾರನೇ ದಿನ ಅದೇ ಹುಡುಗರು ಕೆನಡಾಕ್ಕೆ 13 ಗೋಲು ಹಾಕಿದರು, ಮುಂದೆ ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ತಂಡವನ್ನೂ ಸೋಲಿಸಿದರು. ‘ಕಪ್ ಗೆದ್ದರಾ ಮಾವ?’ ಅಂದ. ಇಲ್ಲ ಕಣೋ, ನಾಲ್ಕನೇ ಜಾಗ ಅಂದೆ. ನಕ್ಕುಬಿಟ್ಟ. ಆ ನಗು ಕೇಳಿದ ಮೇಲೇ ಇವನು ಆಟ ಬಿಡಲ್ಲ ಅಂತ ನನಗೆ ಗೊತ್ತಾಗಿದ್ದು.

ಭಾವ, ಒಂದು ಮಾತು, ತಪ್ಪು ತಿಳಿಯಬೇಡಿ. ಮ್ಯಾಚ್ ನಡೆಯುವಾಗ ಹೊರಗಿಂದ ‘ಹೊಡಿ, ಪಾಸ್ ಮಾಡು’ ಅಂತ ಕೂಗಬೇಡಿ. ಒಳಗೆ ಕೋಚ್ ಒಂದು ಹೇಳಿರುತ್ತಾರೆ, ನೀವು ಒಂದು ಹೇಳುತ್ತೀರಿ, ಅವನು ಚೆಂಡು ನೋಡಬೇಕಾ ನಿಮ್ಮನ್ನು ನೋಡಬೇಕಾ? ಟ್ರೈನಿನಲ್ಲಿ ವಾಪಸ್ ಬರುವಾಗಲೂ ಮ್ಯಾಚ್ ಮಾತು ಬೇಡ, ಅವನೇ ತೆಗೆದರೆ ಮಾತಾಡಿ.

ಶನಿವಾರ ಸಂಜೆ ನಾನು ಬರುತ್ತೇನೆ. ಹೊಸ ಸ್ಟಿಕ್ ನನ್ನ ಲೆಕ್ಕ. ಅಳತೆ ಬೇಕು, ನೆಲದಿಂದ ಅವನ ಸೊಂಟದ ಮೂಳೆವರೆಗೆ ಟೇಪ್ ಹಿಡಿದು ಎಷ್ಟು ಇಂಚು ಅಂತ ಇವತ್ತೇ ಕಳಿಸು. ಮತ್ತೆ ಅಕ್ಕಾ, ಅವರೆಬೇಳೆ ಇದ್ದರೆ ಹುಳಿ ಮಾಡಿಡು.