ಅಪ್‌ಡೇಟ್: ಮಳೆಗಾಲದಲ್ಲಿ ಬಿಗಿದುಕೊಂಡಿದ್ದ ಮಡಚು ಚಾಕು ಕೊನೆಗೂ ತೆರೆಯಿತು

ಮಂಗಳೂರಿನ ಮಳೆಗೆ ಬೀಚ್ ಮರದ ಹಿಡಿ ಉಬ್ಬಿ, ನನ್ನ ಸಂಗ್ರಹದ ಫ್ರೆಂಚ್ ಮಡಚು ಚಾಕುವಿನ ಅಲಗು ಒಳಗೇ ಸಿಕ್ಕಿಕೊಂಡಿದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಸಂದಿಗೆ ಕೊಬ್ಬರಿ ಎಣ್ಣೆ ಬಿಟ್ಟದ್ದರಿಂದ ಪ್ರಯೋಜನವಾಗಲಿಲ್ಲ. ಬಿಗಿದದ್ದು ಉಬ್ಬಿದ ಮರವೇ ಹೊರತು ತುಕ್ಕು ಹಿಡಿದ ಕೀಲಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟದ್ದೂ ಅಷ್ಟಕ್ಕಷ್ಟೇ. ಫಲ ಕೊಟ್ಟದ್ದು ಫ್ರಾನ್ಸಿನ ಸವೊಯ್ ಕಡೆಯ ಹಳೆಯ ಉಪಾಯವನ್ನು ತಿಳಿಸಿದ ಹಿರಿಯರೊಬ್ಬರ ಸಲಹೆ: ಹಿಡಿಯ ಕುತ್ತಿಗೆಯಲ್ಲಿ ಅಲಗನ್ನು ಭದ್ರಪಡಿಸುವ ಉಕ್ಕಿನ ಉಂಗುರವನ್ನು ತಿರುಗಿಸಿ ಸಡಿಲಿಸಿಕೊಂಡು, ಹಿಡಿಯ ಹಿಂತುದಿಯನ್ನು ಮರದ ಮಣೆಗೆ ಗಟ್ಟಿಯಾಗಿ ಕುಟ್ಟಿದಾಗ, ಅಲಗಿನ ತುದಿಯು ಬೆರಳಿಗೆ ಸಿಗುವಷ್ಟು ಮೇಲೆದ್ದಿತು. ಬಳಿಕ ಹಿಡಿಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸೀಳಿನ ಒಳಬದಿಯನ್ನು ನಯವಾದ ಸ್ಯಾಂಡ್‌ಪೇಪರಿನಿಂದ ತುಸುವೇ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆ. ಈಗ ಅಲಗು ಸಲೀಸಾಗಿ ಆಡುತ್ತದೆ.

ನನಗೆ ಅಚ್ಚರಿ ತಂದದ್ದು ಇನ್ನೊಂದು ಸಂಗತಿ. ನಿಂಬೆ, ಮಾವಿನಕಾಯಿ ಹೆಚ್ಚಿದಾಗ ಈ ಚಾಕುವಿನ ಕಾರ್ಬನ್ ಉಕ್ಕಿನ ಅಲಗಿನ ಮೇಲೆ ಮೂಡುವ ನೀಲಿ ಬೆರೆತ ಬೂದು ಬಣ್ಣವು ಕೆಂಪು ತುಕ್ಕಲ್ಲ, ಆ ತುಕ್ಕನ್ನು ತಕ್ಕಮಟ್ಟಿಗೆ ತಡೆಯುವ ಪದರವಂತೆ; ಆದ್ದರಿಂದ ಆ ಪದರವನ್ನು ಉಜ್ಜಿ ತೆಗೆಯಬೇಕಿಲ್ಲ. ಅದೇ ಸಂಗ್ರಹದಲ್ಲಿರುವ, ಸ್ವಿಸ್ ಕಂಪನಿ ವಿಕ್ಟೊರಿನಾಕ್ಸ್‌ನ ಚಾಕುಗಳು ಪ್ಲಾಸ್ಟಿಕ್ ಹಿಡಿ ಮತ್ತು ಸ್ಟೇನ್‌ಲೆಸ್ ಉಕ್ಕಿನವಾದ್ದರಿಂದ ಹಾಗೆಯೇ ಇವೆ. ಚರ್ಮದ ಚೀಲವು ತೇವವನ್ನು ಹಿಡಿದಿಡುವುದರಿಂದ, ಮಳೆ ಮುಗಿಯುವವರೆಗೆ ಚಾಕುಗಳನ್ನೆಲ್ಲ ಅದರಿಂದ ಹೊರತೆಗೆದಿಟ್ಟಿದ್ದೇನೆ.